ಸೀರೆಗಳ ನಡುವೆ ಹಾಡುವವನು

ವಡಪಳನಿಯ ಬಾಡಿಗೆ ಮನೆಯಲ್ಲಿ ಪಾಶ್ಚಾತ್ಯ ಬ್ಲೂಸ್ ಸಂಗೀತಕ್ಕೆ ಜಾನಪದ ಬೆರೆಸಿ ಹಾಡು ಕಟ್ಟುವ ಕೃಷ್ಣಪ್ರಸಾದನ ಸ್ಟುಡಿಯೋ ಎಂದರೆ ಹೆಂಡತಿ ಸುಮತಿಯ ಬೀರು. ಹೊಸ ಸೋಲೋ ಆಲ್ಬಮ್ ಶುರುವಾದಂದಿನಿಂದ ದನಿ ಗೋಡೆಗೆ ಬಡಿದು ಮಾರ್ದನಿಸದಿರಲೆಂದು ಅವನು ಮೈಕನ್ನು ಸೀರೆಗಳ ನಡುವೆ ನೇತುಹಾಕಿ, ತಲೆಯನ್ನೂ ಅಲ್ಲಿಯೇ ತೂರಿಸಿಕೊಂಡು ಹಾಡುತ್ತಾನೆ. ಆಗ ಫ್ಯಾನು ತಿರುಗಬಾರದು, ಕುಕ್ಕರ್ ಕೂಗಬಾರದು, ಫ್ರಿಜ್ಜಿಗೂ ರಜೆ. “ಹಾಲು ಕೆಟ್ಟುಹೋಗುತ್ತೆ ರೀ,” ಎಂದರೆ, “ಹೋಗ್ಲಿ ಬಿಡೇ, ಬ್ಲೂಸಿಗೆ ಬ್ಲ್ಯಾಕ್ ಕಾಫಿನೇ ಸರಿ,” ಎನ್ನುತ್ತಾನೆ. ಬೆವರಿ ತೊಪ್ಪೆಯಾಗಿ ಹೊರಬಂದವನು ಹಾಡನ್ನು ಕೇಳಿ, “ಥೂ, ಎಲ್ಲೋ ಆಟೋ ಹಾರ್ನು!” ಎಂದು ಅಳಿಸಿ, ಮತ್ತೆ ಒಳಗೆ ತಲೆ ಹಾಕುತ್ತಾನೆ. ಸುಮತಿ ಗದರುವುದಿಲ್ಲ. ಮುಂದಿನ ವಾರ ಕೀಲ್ಪಾಕಿನ ಆಸ್ಪತ್ರೆಯಲ್ಲಿ ಅವನ ಗಂಟಲಿಗೆ ಆಪರೇಷನ್; ಆಮೇಲೆ ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಅಷ್ಟರೊಳಗೆ ಹಾಡುಗಳು ಮುಗಿಯಬೇಕು. ನಿನ್ನೆ ಮಧ್ಯಾಹ್ನ ಕೋಣೆಯ ಬಾಗಿಲಿಗೆ ಬಂದವಳು ಹಾಗೆಯೇ ನಿಂತಳು. ಗಿಟಾರ್ ಮಂಚದ ಮೇಲಿತ್ತು. ಸೀರೆಗಳೊಳಗಿಂದ ಅವನು, “ಶ್ರೀಯಾ, ಊಟಕ್ಕೆ ಬಾರಮ್ಮಾ,” ಎಂದು ಮೈಕಿಗೆ ಹೇಳುತ್ತಿದ್ದ. ತುಸು ತಡೆದು ಅದನ್ನೇ ಸಿಟ್ಟಿನಲ್ಲಿ ಹೇಳಿದ; ಆಮೇಲೆ ಮುದ್ದಿನಲ್ಲಿ. ಅಪ್ಪ ನಿಜವಾಗಿಯೂ ಕರೆದನೆಂದುಕೊಂಡು, “ವರೇನ್‌ಪಾ, ಬಂದೆ ಅಪ್ಪಾ” ಎನ್ನಲು ಬಾಯಿ ತೆರೆದು ಓಡಿಬಂದ ಮಗಳನ್ನು ಸುಮತಿ ಎದೆಗವಚಿಕೊಂಡು, ಸದ್ದಾಗದಂತೆ ಬಾಯಿ ಮುಚ್ಚಿದಳು.