ದೇವಕ್ಕ ಮುರಿದ ಪಥ್ಯ

ನೇಸರಗಿಯ ದೇವಕ್ಕ ಪಥ್ಯದ ವಿಷಯದಲ್ಲಿ ಭಾರಿ ಗಟ್ಟಿ ಹೆಂಗಸು. ಬಾಣಂತಿ ಏನು ಉಣ್ಣಬೇಕು, ಕಾಮಾಲೆಯಾದವರು ಏನು ಬಿಡಬೇಕು, ಓಣಿಗೆಲ್ಲ ಆಕೆಯದೇ ಹುಕುಂ. ಅಬ್ಬಬ್ಬಾ, ಆಕೆಯ ಬಾಯಿಗೆ ಅಂಜದವರಿಲ್ಲ! ಸೊಸೆ ವಿಜಯಾ ಎಂಟು ವರ್ಷದಲ್ಲಿ ಒಮ್ಮೆಯೂ ಎದುರಾಡಿದವಳಲ್ಲ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ದೇವಕ್ಕನ ಮುಂಗೈಗೆ ಬೀದಿನಾಯಿಯೊಂದು ಕಚ್ಚಿ ಓಡಿತು. ಬೈಲಹೊಂಗಲದ ದವಾಖಾನೆಯಲ್ಲಿ ಗಾಯ ತೊಳೆದು, ಮೊದಲು ಚರ್ಮಕ್ಕೆ ಚೂರು ಔಷಧ ಚುಚ್ಚಿ, ದದ್ದೇನೂ ಏಳಲಿಲ್ಲವೆಂದು ಖಾತ್ರಿ ಮಾಡಿಕೊಂಡು ಗಾಯದ ಸುತ್ತ ಸೂಜಿ ಹಾಕಿದರು. ತೋಳಿಗೆ ಬೇರೆ ಐದು ಸೂಜಿ, ಒಂದೊಂದಕ್ಕೂ ಒಂದೊಂದು ದಿನ. ತಾರೀಖು ಬರೆದ ಚೀಟಿ ಕೊಟ್ಟರು. ಮನೆಗೆ ಬಂದವಳೇ ತನ್ನ ಮೇಲೂ ಹುಕುಂ ಹೊರಡಿಸಿದಳು: ನಾಯಿ ಕಚ್ಚಿದವರು ಬದನೆಕಾಯಿ ಮುಟ್ಟಕೂಡದು.

ಮೂರು ಸೂಜಿ ಮುಗಿದವು. ಒಂಬತ್ತನೆಯ ದಿನ ಮೈತುಂಬ ದದ್ದೆದ್ದವು. ತುರಿಕೆ, ಜ್ವರ, ಕೀಲುಕೀಲು ನೋವು. ಹದಿನಾಲ್ಕನೆಯ ದಿನ ನಾಲ್ಕನೆಯ ಸೂಜಿಗೆಂದು ವಿಜಯಾ ಬಸ್ಸಿಗೆ ಹೊರಡಿಸಿದರೆ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

“ನಾ ಬರೂದಿಲ್ಲ. ಇನ್ನ ಸೂಜಿ ಹಾಕಿಸಿ ಏನ್ ಉಪಯೋಗ?”

“ಯಾಕ್ರಿ ಅತ್ತಿ? ಸೂಜಿ ತಪ್ಪಿಸಿದ್ರ ಜೀವಕ್ಕ ಕುತ್ತು ಅಂತ ಡಾಕ್ಟರ್ ಹೇಳ್ಯಾರಲ್ರಿ!”

ದೇವಕ್ಕ ಬಿಕ್ಕತೊಡಗಿದಳು. “ನಮ್ಮ ಓಣಿ ಗುರುಬಸವ್ವನ ಬಸರಿ ಮಗಳ ಕುಬಸದ ಊಟದಾಗ ಬದನಿಕಾಯಿ ಎಣಗಾಯಿ ತಿಂದೇನವಾ. ಒಂದಲ್ಲ, ಮೂರು. ಪಥ್ಯ ಮುರದೇನಿ, ವಿಷ ಏರೇತಿ. ಊರಿಗೆಲ್ಲ ಹೇಳಾಕಿ ನಾ, ಯಾವ ಮಾರಿ ಇಟ್ಕೊಂಡು ದವಾಖಾನಿಗೆ ಹೋಗ್ಲಿ?”

ವಿಜಯಾಳಿಗೆ ನಗು ಬಂತು, ಮರುಕ್ಷಣ ಹೊಳೆಯಿತು: ನಾಚಿಕೆಗೆ ಹೆದರಿ ಈ ಮುದುಕಿ ಸಾಯಲು ತಯಾರಾಗಿದ್ದಾಳೆ! “ಏಳ್ರಿ ಮ್ಯಾಲ!” ಎಂದು ಗದರಿದಳು. “ಬದನಿಕಾಯಿ ಸಲವಾಗಿ ಯಾರರೆ ಜೀವಾ ಬಿಡ್ತಾರೇನ್ರಿ?” ರಟ್ಟೆ ಹಿಡಿದು ಎಬ್ಬಿಸಿ ಬಸ್ಸು ಹತ್ತಿಸಿಯೇ ಬಿಟ್ಟಳು.

ದವಾಖಾನೆಯ ಸಿಸ್ಟರ್ ರೇಣು ಡಾಕ್ಟರಿಗೆ ದದ್ದು ತೋರಿಸಿ ಬಂದು ಹೇಳಿದಳು: “ಬದನಿಕಾಯಿದೇನೂ ತಪ್ಪಿಲ್ರಿ ಯವ್ವಾ. ಗಾಯದ ಸುತ್ತ ಹಾಕಿದ್ದು ಕುದುರಿ ರಕ್ತದಿಂದ ತಗದ ಔಷಧ. ಕೆಲವರ ಮೈಗೆ ಅದು ಆಗಿಬರೂದಿಲ್ಲ, ವಾರ ಆದಮ್ಯಾಲ ಹಿಂಗ ಏಳತೈತಿ. ಗುಳಿಗಿ ಕೊಡ್ತೇವಿ, ಇಳೀತೈತಿ. ತೋಳಿನ ಸೂಜಿ ಬ್ಯಾರೆ, ಅದರಾಗ ಕುದುರಿದು ಏನೂ ಇಲ್ಲ.”

“ಅಂದ್ರ ಬದನಿಕಾಯಿ ತಿನಬೌದು?”

“ತಿನ್ರಿ. ತಾರೀಖ ಮಾತ್ರ ತಪ್ಪಿಸಬ್ಯಾಡ್ರಿ.”

ದೇವಕ್ಕ ತೋಳು ಒಡ್ಡಿದಳು. ಕುದುರೆಯ ಔಷಧ ಆಗಿಬರುವುದಿಲ್ಲವೆಂದು ರೇಣು ಕೆಂಪು ಶಾಯಿಯಲ್ಲಿ ಬರೆದುಕೊಟ್ಟ ಚೀಟಿ ಎಲೆಅಡಿಕೆ ಸಂಚಿ ಸೇರಿತು. ಮುಂದೆ ಯಾವ ದವಾಖಾನೆಗೆ ಹೋದರೂ ಆಕೆ ಮೊದಲು ಅದನ್ನೇ ತೆಗೆದು ತೋರಿಸುತ್ತಿದ್ದಳು.

ಆ ಸಂಜೆ ವಿಜಯಾ ಎಣಗಾಯಿ ಮಾಡಿದಳು. ದೇವಕ್ಕ ಮೊದಲನೆಯದನ್ನು ಎತ್ತಿ ಸೊಸೆಯ ತಾಟಿಗೆ ಹಾಕಿದಳು.

“ಇವತ್ತ ನೀ ಬೈದಿದ್ದಿಲ್ಲಂದ್ರ ನಾ ಮಲಗಿದಲ್ಲೇ ಹೋಗತಿದ್ನಿ,” ಎಂದಳು. “ಇನ್ನಮ್ಯಾಲ ಅಂಜಬ್ಯಾಡ, ಬೈಯವಾ.”