ಕಮಲತ್ತೆ ಮುಚ್ಚಿದ ಕಿಟಕಿ

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಅಡುಗೆಮನೆಗೆ ಗ್ಯಾಸ್ ಬಂದ ದಿನ ಅಕ್ಕಪಕ್ಕದವರೆಲ್ಲ ನೋಡಲು ಬಂದರು. ಇನ್ನು ಸೌದೆ ಹೊಗೆಯಿಲ್ಲ, ಸೀಮೆಎಣ್ಣೆ ನಾತವಿಲ್ಲ ಎಂದು ಅಮ್ಮ ಎಲ್ಲರಿಗೂ ಸಜ್ಜಿಗೆ ಕೊಟ್ಟಳು. ಸಿಲಿಂಡರ್ ತಂದವನು ಒಂದು ಇಂಗ್ಲಿಷ್ ಬುಕ್‌ಲೆಟ್ ಬಿಟ್ಟುಹೋದ. ಕಾನ್ವೆಂಟ್‌ನಲ್ಲಿ ಐದನೇ ಸ್ಟ್ಯಾಂಡರ್ಡ್‌ನಲ್ಲಿದ್ದ ನಾನೇ ಅಪ್ಪ ಅಮ್ಮನಿಗೆ ಟ್ರಾನ್ಸ್‌ಲೇಟರ್: ಕೆಟ್ಟ ವಾಸನೆ ಬಂದರೆ ಲೀಕ್ ಎಂದರ್ಥ, ಕಿಟಕಿ ತೆಗೆಯಬೇಕು, ಕಡ್ಡಿ ಗೀರಬಾರದು. ಹಿತ್ತಲಲ್ಲಿ ಮಡಿಬಟ್ಟೆ ಒಣಹಾಕುತ್ತಿದ್ದ ಕಮಲತ್ತೆಯನ್ನು ಯಾರೂ ಕರೆಯಲಿಲ್ಲ.

ಕಮಲತ್ತೆ ಅಪ್ಪನ ಅಕ್ಕ. ಗಂಡ ಹೋದ ಮೇಲೆ ಹುಣಸೂರಿನಿಂದ ಬಂದು ನಮ್ಮಲ್ಲೇ ಉಳಿದಿದ್ದಳು. ಮೂರು ಹೊತ್ತೂ ಅಡುಗೆ ಅವಳದೇ. ನನ್ನ ಯೂನಿಫಾರ್ಮಿನ ಟೈ ನೋಡಿ, "ಏನೇ ದೊರೆಸಾನಿ, ಇವತ್ತು ಯಾವ ಕೋರ್ಟಲ್ಲಿ ವಾದ?" ಎನ್ನುತ್ತಿದ್ದಳು.

ವಾರ ಕಳೆದಿರಬೇಕು. ಬೆಳಿಗ್ಗೆ ನಾನು ನಡುಮನೆಯಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದೆ.

"ಪಕ್ಕದ್ಮನೆಯೋರು ಬೆಳಗಾಗೋದ್ರೊಳಗೆ ಬೆಳ್ಳುಳ್ಳಿ ಶುರು ಮಾಡಿದಾರಲ್ಲೇ. ಥೂ, ಗಬ್ಬು," ಎಂದಳು ಕಮಲತ್ತೆ ಅಡುಗೆಮನೆಯಿಂದ.

ಬೆಳ್ಳುಳ್ಳಿ ನಮ್ಮ ಹೊಸಿಲು ದಾಟಿದ್ದೇ ಇಲ್ಲ. ನಾನೂ ಮೂಗು ಮುಚ್ಚಿಕೊಂಡು ನಕ್ಕೆ. ಅವಳು ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಕಡ್ಡಿ ಗೀರಿದ್ದು.

ಆಸ್ಪತ್ರೆಯ ವರಾಂಡದಲ್ಲಿ ಬಂದವರಿಗೆಲ್ಲ ಅಪ್ಪನದು ಒಂದೇ ಮಾತು. "ಅಷ್ಟು ವಾಸನೆ ಬರ್ತಿದೆ, ಕಿಟಕಿ ಮುಚ್ಚಿ ಕಡ್ಡಿ ಗೀರ್ತಾಳೆ ಅಂದ್ರೆ... ಕಾಮನ್ ಸೆನ್ಸ್ ಬೇಡ್ವೇ?" ನಾನು ಓದಿ ಹೇಳುವವರೆಗೆ ಅದು ಅಪ್ಪನಿಗೂ ಗೊತ್ತಿರಲಿಲ್ಲ. ಒಂದೇ ವಾರದಲ್ಲಿ ಅವರ ಹುಟ್ಟುಬುದ್ಧಿಯಾಗಿಬಿಟ್ಟಿತ್ತು.

ಮೂರನೇ ದಿನ ನನ್ನನ್ನು ಒಳಗೆ ಬಿಟ್ಟರು. ಬ್ಯಾಂಡೇಜಿನೊಳಗಿಂದ ಕಮಲತ್ತೆ, "ನಿಮ್ಮಪ್ಪ ಹೇಳೋದು ಸರಿ ಕಣೇ ಪುಟ್ಟಿ. ನಂಗೆ ಅಷ್ಟೂ ತಿಳೀಬಾರ್ದಾ?" ಎಂದಳು. ನಿನಗೆ ಯಾರೂ ಹೇಳಲೇ ಇಲ್ಲವಲ್ಲ ಅತ್ತೆ ಎನ್ನಬೇಕಿತ್ತು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಐದನೇ ದಿನ ಅವಳು ತೀರಿಕೊಂಡಳು, ತಪ್ಪು ತನ್ನದೇ ಎಂದುಕೊಂಡು.

ಈಗ ಅಪ್ಪ ಅಮ್ಮ ಇಲ್ಲ. ಮನೆಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್. ಅವಳ ಸಾರಿನ ರುಚಿ ಬಲ್ಲವರಲ್ಲಿ ಉಳಿದವಳು ನಾನೊಬ್ಬಳೇ. ಉಳಿದವರಿಗೆಲ್ಲ ಅವಳು ಕಡ್ಡಿ ಗೀರಿದ ಅತ್ತೆ, ಅಷ್ಟೇ. ಮೊನ್ನೆ ಜೆ.ಪಿ. ನಗರದಲ್ಲಿ, ಅತ್ತೆ ಹೋದ ಮರುವರ್ಷ ಹುಟ್ಟಿದ ನನ್ನ ತಂಗಿಯ ಮಗಳು ಅದನ್ನೇ ತನ್ನ ಮಕ್ಕಳಿಗೆ ಹೇಳುತ್ತಿದ್ದಳು. ಇಷ್ಟು ವರ್ಷಕ್ಕೆ ಬಾಯಿ ಬಿಟ್ಟೆ.

"ಅವಳಿಗೆ ನಾವ್ಯಾರೂ ಹೇಳಿರ್ಲಿಲ್ಲ ಕಣೇ."

"ಅದನ್ನೂ ಹೇಳ್ಬೇಕಾ ದೊಡ್ಡಮ್ಮ?" ಎಂದಳು. "ಕಾಮನ್ ಸೆನ್ಸ್ ಅಲ್ವಾ?"