ಪೇಟದ ಮೇಲೆ ಕೂರದ ಕನ್ನಡಕ

ನನ್ನ ಕನ್ನಡಕದ ಎಡಗಡೆಯ ಕಡ್ಡಿ ಮುರಿದಂದಿನಿಂದ ಅದನ್ನು ದಾರದಲ್ಲಿ ಕಟ್ಟಿ ಕಿವಿಗೆ ಸಿಕ್ಕಿಸಿಕೊಳ್ಳುತ್ತೇನೆ. ಹೀಗಾಗಿ ನನಗೆ ಜಗತ್ತು ಕೊಂಚ ಎಡಕ್ಕೆ ವಾಲಿಯೇ ಕಾಣುತ್ತದೆ. ಹೊಸದನ್ನು ಕೊಳ್ಳಿರೆಂದು ಮನೆಯವರು ಗೊಣಗಿದಾಗ, ಜಗತ್ತು ನೆಟ್ಟಗಿದೆಯೆಂಬುದಕ್ಕೆ ಪುರಾವೆ ಏನೆಂದು ಕೇಳುತ್ತೇನೆ. ಶಾಲೆಯನ್ನು ಬೇಗ ಬಿಟ್ಟು, ಸಿಕ್ಕಿದ್ದನ್ನೆಲ್ಲ ಓದಿ, ಓದಿದ್ದನ್ನೆಲ್ಲ ಶಂಕಿಸುತ್ತ ಮುದುಕನಾದವನ ಸ್ವಭಾವವಿದು, ಸಹೃದಯರು ಸಹಿಸಿಕೊಳ್ಳಬೇಕು.

ಇಂಥ ನನ್ನನ್ನು ಮೊನ್ನೆ ನಮ್ಮೂರು ಅಂಕಲಿಯ ಸಭಾಭವನದಲ್ಲಿ ಮುಂದಿನ ಸಾಲಿಗೆ ಕೂರಿಸಿದರು. ನಿಪ್ಪಾಣಿಯಿಂದ ಬಂದ ಸವಿತಾ ಎಂಬ ಇಂಜಿನಿಯರ್ ‘ಮಿಶ್ರ ವಾಸ್ತವ’ ತೋರುವ ಯಂತ್ರ-ಕನ್ನಡಕದ ಮೂಲಕ ನಮ್ಮ ಹೊಲಗಳನ್ನೇ ಸಭೆಯ ನೆಲದ ಮೇಲೆ ಹಾಸಿ ತೋರಿಸುವಳಂತೆ. ಹಾಲಿಗೆ ನೀರು, ಕನ್ನಡಕ್ಕೆ ಮರಾಠಿ, ಭಾಷಣಕ್ಕೆ ಸುಳ್ಳು ಧಾರಾಳವಾಗಿ ಬೆರೆಯುವ ಈ ಸೀಮೆಗೆ ವಾಸ್ತವವನ್ನು ಬೆರೆಸಿಕೊಡಲು ಯಂತ್ರವೇ ಬೇಕಾಯಿತೆ? ದೀಪವಿರದ ಓಣಿಗಳ ಊರಿಗೆ ಗಾಳಿಯಲ್ಲಿ ಚಿತ್ರ ತೋರಿಸುವ ಈ ವೈಭವವನ್ನು ಕಂಡು ನನ್ನ ತುಟಿ ತಾನಾಗಿಯೇ ವಕ್ರವಾಯಿತು.

ಸಮಸ್ಯೆ ಮಾತ್ರ ಅಪ್ಪಟವಾಗಿತ್ತು. ಅತಿಯಾಗಿ ನೀರುಂಡು ಗೌರಕ್ಕನ ಹೊಲ ಸವಳಾಗಿ, ನೆಲದ ಮೇಲೆ ಉಪ್ಪು ಬೆಳ್ಳಗೆ ಅರಳಿತ್ತು. ನೆಲದೊಳಗೆ ಪೈಪು ಹೂಳಿ ಆ ನೀರನ್ನು ಹಳ್ಳಕ್ಕೆ ಬಸಿಯಬೇಕು. ಪೈಪು ಸಾಗಬೇಕಾದದ್ದು ಅದರ ಕೆಳಗಿನ, ನನ್ನ ಹಳೆಯ ಗೆಳೆಯ ಬಾಳಪ್ಪನ ಹೊಲದಲ್ಲಿ. ಅವನು ಒಲ್ಲೆನೆನ್ನುತ್ತಿದ್ದ. ಹಳೆಯ ಬದುವಿನ ಜಗಳದ ಹಗೆಯೆಂದು ಊರು ಹೇಳುತ್ತಿತ್ತು. ಎಲ್ಲವನ್ನೂ ಶಂಕಿಸುವ ನಾನು ಇದನ್ನೇಕೋ ಶಂಕಿಸಿರಲಿಲ್ಲ.

“ಬಾಳಪ್ಪ ಕಾಕಾ ಹೂಂ ಅಂದ್ರ ನನ್ನ ಹೊಲ ಉಳೀತೈತ್ರಿ, ಇಲ್ಲಂದ್ರ ಉಪ್ಪ ಬಳಕೊಂಡ ಕುಂಡ್ರೂದ,” ಎಂದು ಗೌರಕ್ಕ ಹಿಂದಿನಿಂದ ಎಲ್ಲರಿಗೂ ಕೇಳುವಂತೆ ಹೇಳಿದಳು.

ನಮ್ಮಲ್ಲಿ ಸತ್ಕಾರವಾಗದೆ ಯಾವ ಸಭೆಯೂ ಕಣ್ಣು ಬಿಡುವುದಿಲ್ಲ. ಶಾಲು, ತೆಂಗಿನಕಾಯಿ, ಹಾರಗಳ ಮೆರವಣಿಗೆ ಮುಗಿದ ಮೇಲೆ ಹಿರಿಯನಾದ ಬಾಳಪ್ಪನ ಕೈಯಿಂದಲೇ ಸವಿತಾಳ ತಲೆಗೆ ಕೇಸರಿ ಪೇಟ ಸುತ್ತಿಸಿದರು. ಆಮೇಲೆ ಅವಳು ದಪ್ಪ ಕನ್ನಡಕವನ್ನು ಎತ್ತಿಕೊಂಡಳು; ಅದರ ಪಟ್ಟಿ ಪೇಟವನ್ನು ದಾಟಲೊಲ್ಲದು! ಸುತ್ತಿದವನ ಎದುರೇ ಪೇಟ ಬಿಚ್ಚುವುದು ಸುತ್ತಿದವನಿಗೇ ಅಪಮಾನ. ಅದೂ ಯಾರ ಒಪ್ಪಿಗೆಗಾಗಿ ಬಂದಿದ್ದಳೋ ಅವನಿಗೆ. ಅತ್ಯಾಧುನಿಕ ವಿಜ್ಞಾನವು ಒಂದು ಗೇಣು ಬಟ್ಟೆಯೆದುರು ಮಂಡಿಯೂರಿದ್ದನ್ನು ನಾನು ಮನಸಾರೆ ಸವಿದೆ.

“ನೀವು ಸುತ್ತಿದ್ದನ್ನ ನಾ ಹೆಂಗ ಬಿಚ್ಲಿರಿ, ಕಾಕಾ? ಚಷ್ಮಾ ನೀವ ಹಾಕ್ಕೋರಿ,” ಎಂದಳು ಸವಿತಾ.

“ಹೋಗೋ ಬಾಳ್ಯಾ, ಮದಿಮಗ ಆಗು,” ಎಂದು ನಾನು ಕೆಣಕಿದೆ. ಅವನು ತನ್ನ ಬಿಳಿ ಟೋಪಿಯನ್ನು ನನ್ನ ತೊಡೆಯ ಮೇಲಿಟ್ಟು ಎದ್ದ.

ಕನ್ನಡಕ ಕಂಡದ್ದೆಲ್ಲ ನಮಗೆ ಗೋಡೆಗೆ ಕಟ್ಟಿದ ಪರದೆಯ ಮೇಲೆ ಕಾಣುತ್ತಿತ್ತು: ನೆಲದ ಮೇಲೆ ಜಮಖಾನೆಯಷ್ಟೇ ಅಗಲದ ಹೊಲ, ಬಾವಿ, ಬೇವಿನ ಮರ, ಕಬ್ಬಿನ ನಡುವೆ ಸಾಗುವ ನೀಲಿ ಗೆರೆ. ಬಾಳಪ್ಪ ಗೆರೆಯ ಜೊತೆ ಮೆಲ್ಲಗೆ ನಡೆದು, ಬಾವಿಗೂ ಬೇವಿಗೂ ನಡುವೆ ತಟಕ್ಕನೆ ನಿಂತ. ಚಪ್ಪಲಿ ಬಿಟ್ಟ. ಪರದೆಯ ಮೇಲೆ ಅಲ್ಲಿ ಬರಿಯ ಕಬ್ಬಿತ್ತು.

ಸಭೆ ಗೊಳ್ಳೆಂದು ನಕ್ಕಿತು. ಅದರಲ್ಲಿ ನನ್ನ ಪಾಲೂ ಇತ್ತು.

“ಇಲ್ಲಿ ಏನೈತ್ರಿ, ಕಾಕಾ?” ಸವಿತಾ ಮಾತ್ರ ನಗದೆ ಕೇಳಿದಳು.

“ನಮ್ಮಪ್ಪ ಅದಾನವಾ, ಇಲ್ಲೇ ಮಣ್ಣ ಮಾಡೇವಿ. ಮ್ಯಾಲ ಕಟ್ಟಿ ಕಟ್ಟಬ್ಯಾಡ, ಕಬ್ಬ ಬೆಳಿಲಿ ಅಂದಿದ್ದ.”

“ಮೊದ್ಲ ಹೇಳಬಾರದೇನೋ?” ಎಂದು ನಾನು ಗದರಿದೆ.

“ಪೈಪಿಗಿ ಜಾಗಾ ಎಲ್ಲಾರೂ ಕೇಳಿದ್ರಿ. ಯಾಕ ಒಲ್ಲೆ ಅಂತ ಯಾವಾಂವ ಕೇಳ್ಯಾನು?”

ಸವಿತಾ ಕೈಯಲ್ಲಿದ್ದ ಫಲಕದ ಮೇಲೆ ಬೆರಳಾಡಿಸಿದಳು. ನೀಲಿ ಗೆರೆ ಬೇವಿನ ಆಚೆಯಿಂದ ಬಳಸಿ ಹಳ್ಳ ಸೇರಿತು. ಬಾಳಪ್ಪ ಬರಿಗಾಲಲ್ಲೇ ಹೊಸ ಗೆರೆಯುದ್ದಕ್ಕೂ ನಡೆದು ನೋಡಿದ. “ಹಿಂಗಾದ್ರ ಹಾಕ್ರಿ. ಗೌರಿ, ಹೊಲಾ ಹಸನ ಮಾಡ್ಕೋ,” ಎಂದ.

ಯಂತ್ರದ ಬಗ್ಗೆ ನನ್ನ ತಿರಸ್ಕಾರವೇನೂ ಕಡಿಮೆಯಾಗಿಲ್ಲ. ಮಣ್ಣಿನಡಿಯ ಪೈಪನ್ನು ತೋರಿಸಬಲ್ಲ ಅದಕ್ಕೆ ಮಣ್ಣಿನಡಿಯ ಮನುಷ್ಯ ಕಾಣಲಿಲ್ಲ. ಆದರೆ ಅಷ್ಟು ವರ್ಷ ಅವನ ಪಕ್ಕದಲ್ಲೇ ಕೂತು ಚಹಾ ಕುಡಿದ ನನಗಾದರೂ ಎಲ್ಲಿ ಕಂಡಿದ್ದ? ಬಾಳಪ್ಪನ ಟೋಪಿಯನ್ನು ಅವನಿಗೆ ಮರಳಿಸಿ ಮನೆಗೆ ಬಂದೆ. ದಾರ ಸಡಿಲಾಗಿ ಕನ್ನಡಕ ಮತ್ತೆ ವಾಲಿತ್ತು. ಈ ಸಲ, ವಾಲಿದ್ದು ಜಗತ್ತೇ ಎಂದು ವಾದಿಸುವ ಗೋಜಿಗೆ ಹೋಗದೆ, ಹೊಸ ಕಡ್ಡಿ ಹಾಕಿಸಲು ಹೊರಟೆ.